ಇಂದಿನ ಧಮ್ಮ ಚಿಂತನೆ: ನದಿಗೆ ಬಂದ ತಿಮಿಂಗಿಲ





2006ರ ಜನವರಿ 20ರಂದು ಲಂಡನ್ನಿನ ಥೇಮ್ಸ್ ನದಿಯೊಳಗೆ ಒಂದು ತಿಮಿಂಗಿಲ ಬಂದುಬಿಟ್ಟಿತು. ಬಾಬಾಸಾಹೇಬರು ಓದಿದ, ಮುಂದೆ ದುಂಡು ಮೇಜಿನ ಪರಿಷತ್ತಿನಲ್ಲಿ ನಮ್ಮ ಪರ ಮಾತನಾಡಿದ ಅದೇ ಊರು. ಪಾರ್ಲಿಮೆಂಟ್ ಭವನದ ಎದುರೇ ಅದು ಈಜಿತು. ಸಾವಿರಾರು ಜನ ದಡದಲ್ಲಿ, ಸೇತುವೆಗಳ ಮೇಲೆ ನಿಂತು ನೋಡಿದರು. ಮರುದಿನ ಕೆಲವರು ಆ ಚಳಿಯಲ್ಲಿ ನೀರಿಗಿಳಿದು, ಅದನ್ನು ದೊಡ್ಡ ದೋಣಿಗೆ ಏರಿಸಿ ಸಮುದ್ರದತ್ತ ಹೊರಟರು. ಸಮುದ್ರ ಮುಟ್ಟುವ ಮೊದಲೇ, ಅಂದು ಸಂಜೆ, ಅದು ಸತ್ತಿತು.

ಪರೀಕ್ಷೆ ಮಾಡಿದಾಗ ಅದರ ದೇಹದಲ್ಲಿ ನೀರೇ ಬತ್ತಿತ್ತು. ನದಿಯೊಳಗೆ ಇದ್ದೂ ನೀರಿಲ್ಲ! ಅದು ಆಳದ ಪ್ರಾಣಿ. ಸಾವಿರ ಮೀಟರಿಗೂ ಕೆಳಗೆ ಮುಳುಗಿ ಬೊಂಡಾಸ್ ಹಿಡಿದು ತಿನ್ನುತ್ತದೆ. ಮೈಗೆ ಬೇಕಾದ ನೀರೂ ಆ ಆಹಾರದಿಂದಲೇ ಸಿಗಬೇಕು. ನದಿಯಲ್ಲಿ ಅದಕ್ಕೆ ಆಹಾರವಿಲ್ಲ, ಆಳವೂ ಇಲ್ಲ.

ಅಂಗುತ್ತರ ನಿಕಾಯದ ಪಹಾರಾದ ಸುತ್ತದಲ್ಲಿ ಮಹಾಸಮುದ್ರದ ಎಂಟು ಗುಣಗಳು ಬರುತ್ತವೆ. ಎಂಟನೆಯದು, ಸಮುದ್ರ ಮಹಾಜೀವಿಗಳ ಮನೆ. ಅಲ್ಲಿ ತಿಮಿಂಗಿಲದ ಹೆಸರೂ ಇದೆ. ಹಾಗೆಯೇ ಸೋತಾಪನ್ನರಿಂದ ಅರಹಂತರವರೆಗಿನ ಮಹಾಜೀವಿಗಳಿಗೆ ಧಮ್ಮವೇ ಮನೆ. ನಾಲ್ಕನೆಯ ಗುಣ ನಮಗೆಲ್ಲ ಗೊತ್ತಿರುವುದೇ: ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಉಳಿಯುವುದಿಲ್ಲ, ಸಂಘ ಸೇರಿದವರಿಗೆ ಹಳೆಯ ಕುಲವೂ ಉಳಿಯುವುದಿಲ್ಲ. 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಬಾಬಾಸಾಹೇಬರು ಇದೇ ಹೋಲಿಕೆ ಕೊಟ್ಟರು.

ಈಗ ನನ್ನ ತಪ್ಪು ಹೇಳುತ್ತೇನೆ. ಹಿಂದಿನ ತಿಂಗಳು ಶಿಕಾರಿಪುರದ ನಮ್ಮ ಅಧ್ಯಯನಕ್ಕೆ ಸೊರಬದ ಕಡೆಯ ಒಬ್ಬ ಹುಡುಗ ಹೊಸದಾಗಿ ಬಂದಿದ್ದ. ತ್ರಿಶರಣ, ಪಂಚಶೀಲ ಎಲ್ಲ ಆಯಿತು. ಚಹಾ ಕುಡಿಯುವಾಗ ನಾನು ಮೆಲ್ಲಗೆ ಕೇಳಿದೆ, "ತಮ್ಮಾ, ನೀನು ಯಾರ ಪೈಕಿ?" ಎಡಗೈಯೋ ಬಲಗೈಯೋ ಎಂದು ತಿಳಿಯಬೇಕಿತ್ತು ನನಗೆ. ಅವನು ತನ್ನ ಊರಿನ ಹೆಸರಷ್ಟೇ ಹೇಳಿ ಲೋಟ ಕೆಳಗಿಟ್ಟ. ಮತ್ತೆ ಬರಲಿಲ್ಲ.

ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡವನು ನಾನು. ಬೇರೆಯವರು ನನ್ನ ಜಾತಿ ಕೇಳಿದರೆ ಮೈ ಉರಿಯುತ್ತದೆ. ಅದೇ ಪ್ರಶ್ನೆಯನ್ನು ನಾನೇ ಕೇಳಿದೆ.

ಸೊರಬದ ದಂಡಾವತಿ ವರದೆಯನ್ನು ಸೇರುತ್ತದೆ, ವರದೆ ತುಂಗಭದ್ರೆಯನ್ನು. ನಮ್ಮ ಕುಮುದ್ವತಿಯೂ ತುಂಗಭದ್ರೆಯನ್ನೇ ಸೇರುತ್ತದೆ. ಅಲ್ಲಿಂದ ಕೃಷ್ಣೆ, ಆಮೇಲೆ ಕಡಲು. ದಾರಿಯುದ್ದಕ್ಕೂ ಅವು ಹೆಸರು ಬಿಟ್ಟುಕೊಡುತ್ತಲೇ ಹೋಗುತ್ತವೆ. ನಾವು ಮಾತ್ರ ಕಡಲಿಗೆ ಬಂದೆವೆಂದು ಹೇಳುತ್ತ ಹಳೆಯ ಹೊಳೆಯಲ್ಲೇ ನಿಂತಿದ್ದೇವೆ. ನಾಲ್ಕನೆಯ ಗುಣ ಇಲ್ಲದ ಕಡೆ ಎಂಟನೆಯದು ಹೇಗೆ ಬಂದೀತು? ದೊಡ್ಡ ಮನಸ್ಸಿನ ಒಂದು ಜೀವ ನಮ್ಮ ನಡುವೆ ಬಂದರೂ, ಆಳ ಸಿಗದೆ ಬಾಯಾರಿ ಹೋಗುತ್ತದೆ. ದಡದಲ್ಲಿ ನಿಂತು ಅಯ್ಯೋ ಎಂದರೆ ಸಾಲದು, ನೀರಿಗೆ ಇಳಿಯಬೇಕು.

ನಾಳೆ ಬೆಳಿಗ್ಗೆ ಸೊರಬದ ಬಸ್ಸು ಹತ್ತುತ್ತೇನೆ. ಆ ಹುಡುಗನ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕು. ಬರುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.

*ಇಂದಿನ ಅಭ್ಯಾಸ:* "ಯಾರ ಪೈಕಿ" ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದಾಗ ಗಮನಿಸಿ. ಅದನ್ನು ಬಾಯಿಗೆ ತರದೆ, "ಊಟ ಆಯ್ತಾ?" ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.