ನಿಮ್ಮ ಕಣ್ಣು ಎಲ್ಲಿರುತ್ತದೆ?

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟ 2004ರ ನವೆಂಬರಿನಲ್ಲಿ ಬಂದಾಗ ಅದರಲ್ಲಿ 9 ಕ್ಲಾಸ್‌ಗಳಿದ್ದವು, ಅಂದರೆ ಪಾತ್ರದ ಕಸುಬುಗಳು. ಈಗ 13 ಇವೆ. ಆಟದೊಳಗೆ ಒಂದು ಹೆಜ್ಜೆಯನ್ನೂ ಇಡದವರು ಮುಂದಿನ ನೂರಾರು ಗಂಟೆ ತಾವು ಏನು ಮಾಡುತ್ತಿರುತ್ತೇವೆ ಎಂಬುದನ್ನು ಮೊದಲ ಪರದೆಯಲ್ಲೇ ತೀರ್ಮಾನಿಸಬೇಕು. ಆಮೇಲೆ ಬದಲಾವಣೆ ಇಲ್ಲ. ಬೇರೆ ಕ್ಲಾಸ್ ಬೇಕೆನಿಸಿದರೆ ಹೊಸ ಪಾತ್ರ ಸೃಷ್ಟಿಸಿ ಮತ್ತೆ ಕೆಳಗಿನಿಂದ ಹತ್ತಬೇಕು. ಹಾಗಾಗಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಕ್ಲಾಸ್ ಬಲಶಾಲಿ?

ಪ್ರೀಸ್ಟ್ ಆಗಿ ವರ್ಷಗಟ್ಟಲೆ ಆಡಿದ ಮೇಲೆ ನನಗೆ ಈ ಪ್ರಶ್ನೆಯಲ್ಲಿ ಆಸಕ್ತಿ ಉಳಿದಿಲ್ಲ. ಬಲ ಇವತ್ತು ಒಬ್ಬರದು, ಮುಂದಿನ ಪ್ಯಾಚ್ ಬಂದರೆ ಇನ್ನೊಬ್ಬರದು. ಬದಲಾಗದೆ ಉಳಿಯುವುದು ಬೇರೆ ಇದೆ. ಆಡುವಾಗ ನಿಮ್ಮ ಕಣ್ಣು ಪರದೆಯ ಯಾವ ಮೂಲೆಯಲ್ಲಿ ನೆಟ್ಟಿರುತ್ತದೆ ಎಂಬುದು.

ವೆಸ್ಟ್‌ಫಾಲ್‌ನ ಹೊಲಗಳ ಅಡಿಯಲ್ಲಿರುವ ಡೆಡ್‌ಮೈನ್ಸ್ ಅನ್ನೇ ತೆಗೆದುಕೊಳ್ಳಿ. ಐವರು ಸೇರಿ ಇಳಿಯುವ ಡಂಜನ್ ಅದು. ಗಣಿಯ ಸುರಂಗಗಳನ್ನು ದಾಟಿ ಹೋದರೆ ಕೊನೆಯಲ್ಲಿ ನೆಲದಡಿಯ ನೀರಿನಲ್ಲಿ ನಿಂತ ಒಂದು ದೊಡ್ಡ ಹಡಗು ಸಿಗುತ್ತದೆ. ವಾರಿಯರ್‌ಗೆ ಇಡೀ ದಾರಿಯಲ್ಲಿ ಕಾಣುವುದು ಶತ್ರುಗಳ ಮುಖ. ಅವುಗಳಲ್ಲಿ ಯಾವುದು ತನ್ನನ್ನು ಬಿಟ್ಟು ಹಿಂದಿನವರ ಕಡೆ ತಿರುಗುತ್ತಿದೆ ಎಂದು ಅವನು ನೋಡುತ್ತಲೇ ಇರಬೇಕು. ರೋಗ್‌ಗೆ ಕಾಣುವುದು ಶತ್ರುಗಳ ಬೆನ್ನು. ಮೇಜ್ ದೂರದಲ್ಲಿ ನಿಂತು ಕುರಿಯಾಗಿಸಿದ ಶತ್ರು ಮತ್ತೆ ಯಾವಾಗ ಮೈಕೊಡವಿ ಏಳುತ್ತಾನೆಂದು ಕಾಯುತ್ತಾನೆ. ನಾನು ನೋಡುತ್ತಿದ್ದದ್ದು ಪರದೆಯ ಎಡಗಡೆಯಲ್ಲಿ ಐವರ ಜೀವಬಲ ತೋರಿಸುವ ಐದು ಹಸಿರು ಪಟ್ಟಿಗಳನ್ನು. ಹಡಗಿನ ಚೆಲುವನ್ನು ಜೊತೆಗಿದ್ದವರು ಹೊಗಳುವಾಗ ನನ್ನ ಗಮನ ಎರಡನೇ ಪಟ್ಟಿ ಏಕೆ ಇಷ್ಟು ಬೇಗ ಕುಸಿಯುತ್ತಿದೆ ಎಂಬುದರ ಮೇಲಿತ್ತು. ಅದು ನನಗೆ ನಷ್ಟವೆನಿಸಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವರಿಗೆ ಮಂಟಪದ ಅಲಂಕಾರಕ್ಕಿಂತ ಯಾರ ಎಲೆಯಲ್ಲಿ ಅನ್ನ ಮುಗಿಯಿತು ಎಂಬುದೇ ಕಾಣುತ್ತದಲ್ಲ, ಅಂಥ ನೋಟ ಅದು. ಕೆಲವರಿಗೆ ಅದರಲ್ಲೇ ಸುಖ. ನನಗೂ ಹೌದು.

ಪ್ರೀಸ್ಟ್ ಎಂದರೆ ಸುಮ್ಮನೆ ಬೆಳಕಿನ ಮಂತ್ರ ಹಾಕಿ ಗಾಯ ಮಾಯಿಸುವವನು ಎಂದು ಹೊರಗಿನವರು ತಿಳಿಯುತ್ತಾರೆ. ಅದರ ನಿಜವಾದ ಪಾಠ ಸುಮ್ಮನಿರುವುದು. 2019ರ ಆಗಸ್ಟ್‌ನಲ್ಲಿ ಹಳೆಯ ರೂಪದಲ್ಲೇ ಮರಳಿ ಬಂದ ಕ್ಲಾಸಿಕ್ ಆವೃತ್ತಿಯಲ್ಲಿ ಒಂದು ನಿಯಮವಿದೆ. ಮಂತ್ರಕ್ಕೆ ಬೇಕಾದ ಶಕ್ತಿಯಾದ ಮನಾ ಖರ್ಚು ಮಾಡಿದ ನಂತರ 5 ಸೆಕೆಂಡ್ ನಿಮ್ಮ ಸ್ಪಿರಿಟ್ ಎಂಬ ಗುಣದಿಂದ ಬರುವ ಮನಾ ತುಂಬುವುದಿಲ್ಲ. ಹಾಗಾಗಿ ಗಾಯ ಮಾಯಿಸುವ ಒಂದು ಹೀಲ್ ಹಾಕಿ, ಕೈ ತಡೆದು, ಆ 5 ಸೆಕೆಂಡ್ ದಾಟಿಸಿ, ಮತ್ತಷ್ಟು ಹೊತ್ತು ತುಂಬಲು ಬಿಟ್ಟು ಮುಂದಿನದನ್ನು ಹಾಕುವವನು ಕೊನೆಯವರೆಗೆ ಉಳಿಯುತ್ತಾನೆ. ಪಟ್ಟಿ ಸ್ವಲ್ಪ ಇಳಿದ ಕೂಡಲೇ ತುಂಬಿಸುವವನ ಮನಾ ಬಾಸ್ ಅರ್ಧ ಸಾಯುವಷ್ಟರಲ್ಲಿ ಬರಿದಾಗಿರುತ್ತದೆ. ಅದೇ ಹೀಲ್‌ನ ಕೆಳಗಿನ ರ‍್ಯಾಂಕ್‌ಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು. ಚಿಕ್ಕ ಗಾಯಕ್ಕೆ ಚಿಕ್ಕ ರ‍್ಯಾಂಕ್ ಸಾಕು, ಮನಾ ಕಡಿಮೆ ಬೀಳುತ್ತದೆ. ಇನ್ನೊಂದು ಕಲೆ ಇದೆ, ನನಗೆ ತುಂಬ ಪ್ರಿಯವಾದದ್ದು. ಮುಂದೆ ನಿಂತು ಏಟು ತಿನ್ನುವ ಟ್ಯಾಂಕ್‌ಗೆ ಏಟು ಬೀಳುವ ಮೊದಲೇ ದೊಡ್ಡ ಹೀಲ್ ಶುರುಮಾಡುವುದು, ಮುಗಿಯುವ ಹೊತ್ತಿಗೆ ಏಟು ಬೀಳದಿದ್ದರೆ ಒಂದು ಹೆಜ್ಜೆ ಸರಿದು ಅದನ್ನು ರದ್ದು ಮಾಡುವುದು. ಮನಾ ಖರ್ಚಾಗುವುದು ಮಂತ್ರ ಪೂರ್ತಿಯಾದಾಗ ಮಾತ್ರ. ಹೀಗೆ ಶುರುಮಾಡಿ, ರದ್ದು ಮಾಡಿ, ಮತ್ತೆ ಶುರುಮಾಡುತ್ತ ಇದ್ದರೆ ಬೇಕಾದ ಕ್ಷಣಕ್ಕೆ ಹೀಲ್ ತಯಾರಿರುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ಯಾವ ಲೆಕ್ಕದ ಪಟ್ಟಿಯಲ್ಲೂ ಬರುವುದಿಲ್ಲ. ನೋಡುವವರಿಲ್ಲದಿದ್ದರೂ ಚೆನ್ನಾಗಿ ಮಾಡಬೇಕೆನಿಸುವವರಿಗೆ ಹೀಲರ್ ಕೆಲಸ ಒಗ್ಗುತ್ತದೆ.

ಜನಾಂಗವನ್ನು ಆರಿಸುವಾಗಲೂ ಕೆಲವರು ಮುಖ ನೋಡುತ್ತಾರೆ, ಕೆಲವರು ಕೆಲಸ ನೋಡುತ್ತಾರೆ. ನಾನು ಕುಳ್ಳ ಡ್ವಾರ್ಫ್ ಪ್ರೀಸ್ಟ್ ಆದದ್ದು ಕೆಲಸಕ್ಕಾಗಿ. ಕ್ಲಾಸಿಕ್‌ನಲ್ಲಿ ಭಯ ತಡೆಯುವ ‘ಫಿಯರ್ ವಾರ್ಡ್’ ಡ್ವಾರ್ಫ್ ಪ್ರೀಸ್ಟ್‌ಗೆ ಮಾತ್ರ ಸಿಗುತ್ತದೆ. ನಲವತ್ತು ಜನ ಸೇರಿ ಇಳಿಯುವ ಮೋಲ್ಟನ್ ಕೋರ್ ಎಂಬ ರೇಡ್‌ನಲ್ಲಿ ಮ್ಯಾಗ್ಮಡಾರ್ ಎಂಬ ಎರಡು ತಲೆಯ ನಾಯಿ ಎಲ್ಲರನ್ನೂ ಹೆದರಿಸಿ ಓಡಿಸುತ್ತದೆ. ಆಗ ಟ್ಯಾಂಕ್ ಅಲುಗದೆ ನಿಂತರೆ ಉಳಿದ 39 ಜನ ಬದುಕುತ್ತಾರೆ. ಅದೇ ನಾಯಿ ರೊಚ್ಚಿಗೆದ್ದಾಗ ಶಾಂತಗೊಳಿಸುವ ಬಾಣ ಇರುವುದು ಹಂಟರ್ ಬಳಿ. ಒಂಟಿಯಾಗಿ ಆಡುವಾಗ ಯಾವ ಲೆಕ್ಕಕ್ಕೂ ಬಾರದ ಇಂಥ ಒಂದೊಂದು ಗುಣಕ್ಕಾಗಿ ಗಿಲ್ಡ್ ಎಂಬ ಆಟಗಾರರ ಕೂಟಗಳು ಜನರನ್ನು ಹುಡುಕುತ್ತವೆ.

ಒಂಟಿ ಆಟ ಮತ್ತು ಗುಂಪಿನ ಆಟ ಎರಡೂ ಬೇರೆ ಎಂಬುದನ್ನು ಹೊಸಬರಿಗೆ ಎಷ್ಟು ಹೇಳಿದರೂ ಸಾಲದು. ವಾರ್‌ಲಾಕ್‌ನ ಉದಾಹರಣೆ ಕಣ್ಣಮುಂದಿದೆ. ಲೆವೆಲ್ ಏರುವಾಗ ಅವನ ಸುಖವೆಲ್ಲ ಶಾಪಗಳಲ್ಲಿದೆ. ಒಂದು ಶತ್ರುವಿನ ಮೇಲೆ ಮೂರು ನಾಲ್ಕು ಬಗೆಯ ಶಾಪ, ವ್ಯಾಧಿ ಹಾಕಿ ಅದು ತಾನಾಗಿ ಕರಗುವುದನ್ನು ನೋಡುವುದು. 60ನೇ ಲೆವೆಲ್ ಮುಟ್ಟಿ ರೇಡ್‌ಗೆ ಬಂದರೆ, 2019ರಲ್ಲಿ ಬಂದ ಆವೃತ್ತಿಯಲ್ಲಿ ಒಂದು ಬಾಸ್ ಮೇಲೆ ಶಾಪದಂಥ ಕೆಡುಕುಗಳಿಗೆ, ಅಂದರೆ ಡಿಬಫ್‌ಗಳಿಗೆ, ಒಟ್ಟು 16 ಜಾಗಗಳಷ್ಟೇ ಇದ್ದವು. ನಲವತ್ತು ಜನರ ನಡುವೆ ಆ 16ನ್ನು ಹಂಚಬೇಕಿತ್ತು. ಹಾಗಾಗಿ ಅವನಿಗೆ ಬರುತ್ತಿದ್ದ ಸೂಚನೆ ಸಾಮಾನ್ಯವಾಗಿ ಒಂದೇ: ಹೇಳಿದ ಶಾಪ ಒಂದನ್ನು ಹಾಕು, ಉಳಿದದ್ದು ಬಿಡು, ಶ್ಯಾಡೋ ಬೋಲ್ಟ್ ಹೊಡೆಯುತ್ತಿರು. ಯಾವ ಸುಖಕ್ಕಾಗಿ ಆ ಕ್ಲಾಸ್ ಹಿಡಿದನೋ ಅದು ಊರ ಹೊರಗೇ ಉಳಿಯಿತು. ಪ್ಯಾಲಡಿನ್ ಕೂಡ ಹಾಗೆಯೇ. ಹೆಸರು ಕೇಳಿದರೆ ಕತ್ತಿ ಹಿಡಿದು ಮುಂದೆ ನಿಲ್ಲುವ ವೀರ. ಆದರೆ ಕ್ಲಾಸಿಕ್‌ನಲ್ಲಿ ಶತ್ರುವನ್ನು ತನ್ನ ಕಡೆ ಸೆಳೆಯುವ ಟಾಂಟ್ ಅವನಿಗಿಲ್ಲ. ರೇಡ್‌ನಲ್ಲಿ ಬಹುಪಾಲು ಅವನು ಹೀಲರ್ ಸಾಲಿನಲ್ಲೇ ನಿಲ್ಲುತ್ತಾನೆ. ಕೊನೆಯ ಲೆವೆಲ್‌ನಲ್ಲಿ ಆ ಕ್ಲಾಸ್ ಏನು ಮಾಡುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ನನ್ನ ಅಕ್ಕನ ಮಗ ಆಟ ಶುರುಮಾಡುವಾಗ, “ಮಾಮ, ಹಂಟರ್ ತಗೊಳ್ಲಾ? ಹುಲಿ ಸಾಕಬಹುದಂತೆ” ಎಂದು ಕೇಳಿದ. “ಸಾಕಬಹುದು ಕಣೋ, ಆದ್ರೆ ಅದಕ್ಕೆ ದಿನಾ ಊಟ ನೀನೇ ಹಾಕ್ಬೇಕು” ಎಂದೆ. ನಿಜಕ್ಕೂ ಹಾಗೆಯೇ. ಕ್ಲಾಸಿಕ್‌ನಲ್ಲಿ ಹಸಿದ ಪ್ರಾಣಿಯ ಏಟಿನ ಬಲ ಕುಗ್ಗುತ್ತದೆ, ಬಹಳ ದಿನ ಬಿಟ್ಟರೆ ಬಿಟ್ಟೇ ಹೋಗುತ್ತದೆ. ಬಾಣಗಳಿಗಾಗಿ ಒಂದು ಚೀಲದ ಜಾಗ ಮೀಸಲಿಡಬೇಕು. ಮೇಜ್ ಆದರೆ ಎಲ್ಲರಿಗೂ ನೀರು ಮಾಡಿ ಕೊಡುವ ಕೆಲಸ, ಊರಿಂದೂರಿಗೆ ಪೋರ್ಟಲ್ ತೆರೆಯುವ ಕೆಲಸ. ವಾರ್‌ಲಾಕ್‌ಗೆ ಸೋಲ್ ಶಾರ್ಡ್ ಕೂಡಿಡುವ ಕೆಲಸ, ಒಂದೊಂದು ಶಾರ್ಡ್‌ಗೂ ಚೀಲದಲ್ಲಿ ಒಂದೊಂದು ಖಾನೆ. ಇವು ಯಾವ ಜಾಹೀರಾತಿನಲ್ಲೂ ಕಾಣವು, ಆದರೆ ದಿನದ ಬಹುಪಾಲು ಹೊತ್ತು ಹೋಗುವುದು ಇವುಗಳಲ್ಲೇ. ಹುಡುಗ ಎರಡು ದಿನ ಯೋಚಿಸಿ ಹಂಟರ್ ಆದ. ಇವತ್ತಿಗೂ ಬೇಸರವಿಲ್ಲದೆ ಹುಲಿಗೆ ಮಾಂಸ ಹಾಕುತ್ತಾನೆ. ಅವನಿಗೆ ಅದು ಹೊರೆಯಲ್ಲ, ಆಟದ ಜೀವವೇ ಅದು.

ನಮ್ಮ ನಾಡಿನಲ್ಲಿ ಕೂತು ಆಡುವವರು ಇನ್ನೆರಡು ಸಂಗತಿ ಯೋಚಿಸಬೇಕು. ಮೊದಲನೆಯದು ಪಿಂಗ್. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ಮೈಸೂರಿನ ನನ್ನ ಮನೆಯಿಂದ ಯುರೋಪಿನ ಸರ್ವರ್‌ಗೆ ಸಂಕೇತ ಹೋಗಿ ಬರಲು ಸಾಮಾನ್ಯವಾಗಿ 150ರಿಂದ 200 ಮಿಲಿಸೆಕೆಂಡ್ ಹಿಡಿಯುತ್ತದೆ. ಶತ್ರುವಿನ ಮಂತ್ರವನ್ನು ಕೊನೆಯ ಕ್ಷಣದಲ್ಲಿ ತಡೆಯಬೇಕಾದ ರೋಗ್‌ಗೆ, ಅದರಲ್ಲೂ ಆಟಗಾರರ ನಡುವಿನ ಕಾಳಗದಲ್ಲಿ, ಇಷ್ಟು ವಿಳಂಬ ದೊಡ್ಡ ಪೆಟ್ಟು. ಎರಡೂವರೆ ಮೂರು ಸೆಕೆಂಡಿನ ಹೀಲ್ ಹಾಕುವವನಿಗೆ, ನಿಧಾನವಾಗಿ ಕೊಲ್ಲುವ ವಾರ್‌ಲಾಕ್‌ಗೆ ಅಷ್ಟು ತಟ್ಟುವುದಿಲ್ಲ. ಮುಂದಾಲೋಚನೆಯಿಂದ ನಡೆಯುವ ಕ್ಲಾಸ್‌ಗಳು ದೂರದವರಿಗೆ ಹೊಂದುತ್ತವೆ, ಚುರುಕು ಪ್ರತಿಕ್ರಿಯೆಯಿಂದ ನಡೆಯುವವು ಸತಾಯಿಸುತ್ತವೆ.

ಎರಡನೆಯದು ಗಡಿಯಾರ. ಮಧ್ಯ ಯುರೋಪಿನಲ್ಲಿ ರಾತ್ರಿ 8ಕ್ಕೆ ರೇಡ್ ಎಂದರೆ ನಮಗೆ ಬೇಸಿಗೆಯಲ್ಲಿ 11.30, ಚಳಿಗಾಲದಲ್ಲಿ ಮಧ್ಯರಾತ್ರಿ 12.30. ಆಸ್ಟ್ರೇಲಿಯಾದ ಸರ್ವರ್ ಹಿಡಿದರೆ ಅವರ ಸಂಜೆ ನಮ್ಮ ಮಧ್ಯಾಹ್ನ, ಕಚೇರಿಯ ಹೊತ್ತು. ಗಿಲ್ಡ್‌ನ ಮುಖ್ಯ ಟ್ಯಾಂಕ್ ಒಂದು ರಾತ್ರಿ ಬಾರದಿದ್ದರೆ ರೇಡ್ ನಿಲ್ಲಬಹುದು. ಹತ್ತಾರು ಹೀಲರ್‌ಗಳಲ್ಲಿ ಒಬ್ಬರು ಬಾರದಿದ್ದರೆ ಕಷ್ಟವಾಗುತ್ತದೆ, ಆದರೆ ನಡೆಯುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು ಟ್ಯಾಂಕ್ ಆಗುವ ಮೊದಲು ಮನೆಯವರೊಂದಿಗೆ ಮಾತಾಡುವುದು ಒಳ್ಳೆಯದು. ಎಲ್ಲರ ಕಣ್ಣೂ ನೆಟ್ಟಿರುವ ಜಾಗ ಅದು.

ಆ ಜಾಗಕ್ಕೆ ಜನ ಕಡಿಮೆ ಎಂಬುದಕ್ಕೆ ಆಟ ತಯಾರಿಸಿದವರೇ ಸಾಕ್ಷಿ. 2009ರ ಡಿಸೆಂಬರಿನಲ್ಲಿ ತಾನಾಗಿ ಗುಂಪು ಕಟ್ಟುವ ಡಂಜನ್ ಫೈಂಡರ್ ಬಂದಾಗ ಹೊಡೆಯುವವರ ಸರತಿ ಉದ್ದವಾಯಿತು, ಟ್ಯಾಂಕ್‌ಗಳಿಗೆ ತಕ್ಷಣ ಜಾಗ ಸಿಗುತ್ತಿತ್ತು. 2011ರಲ್ಲಿ ಕೊರತೆಯಿರುವ ಪಾತ್ರ ವಹಿಸಿದವರಿಗೆ ಹೆಚ್ಚುವರಿ ಉಡುಗೊರೆ ಕೊಡಲು ಶುರುಮಾಡಿದರು. ಉಡುಗೊರೆಗಾಗಿ ಟ್ಯಾಂಕ್ ಆದವರು ಹೆಚ್ಚು ದಿನ ನಿಲ್ಲುವುದನ್ನು ನಾನು ಕಂಡಿಲ್ಲ. ಮುಂದೆ ನಡೆದು ದಾರಿ ತೋರಿಸುವುದು ಇಷ್ಟವಿದ್ದವರು ಉಡುಗೊರೆ ಇಲ್ಲದೆಯೂ ನಿಂತಿದ್ದಾರೆ.

ಕೆಲಸಗಳ ಈ ಹಂಚಿಕೆ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲೇ ಹೋರಾಡುವವನು, ಮಂತ್ರವಾದಿ, ಕ್ಲೆರಿಕ್ ಎಂಬ ಮೂರು ಕ್ಲಾಸ್‌ಗಳಿದ್ದವು. 2012ರ ‘ಗಿಲ್ಡ್ ವಾರ್ಸ್ 2’ ಟ್ಯಾಂಕ್, ಹೀಲರ್ ಎಂಬ ಭೇದವನ್ನೇ ತೆಗೆಯಲು ನೋಡಿತು. ರೇಡ್‌ಗಳು ಬಂದ ಮೇಲೆ ಅಲ್ಲೂ ಆ ಪಾತ್ರಗಳು ಮರಳಿದವು. ಒಂದನ್ನೇ ಆರಿಸಲಾಗದವರಿಗೆ ‘ಫೈನಲ್ ಫ್ಯಾಂಟಸಿ 14’ ಇದೆ. ಅಲ್ಲಿ ಆಯುಧ ಬದಲಿಸಿದರೆ ಅದೇ ಪಾತ್ರ ಬೇರೆ ಕೆಲಸಕ್ಕೆ ತಿರುಗುತ್ತದೆ.

ವಾರ್‌ಕ್ರಾಫ್ಟನ್ನೇ ಆಡುವಿರಾದರೆ ಅವಸರ ಬೇಡ. ಇಷ್ಟವೆನಿಸಿದ ಮೂರು ಕ್ಲಾಸ್‌ಗಳನ್ನು ಡೆಡ್‌ಮೈನ್ಸ್ ತನಕ ಬೆಳೆಸಿ, ಮೂರರಲ್ಲೂ ಅಪರಿಚಿತರ ಜೊತೆ ಒಮ್ಮೆ ಒಳಗಿಳಿಯಿರಿ. ಯಾವುದನ್ನು ಆಡುವಾಗ ಬೇಸರದ ಕೆಲಸವೂ ಬೇಸರವೆನಿಸಲಿಲ್ಲವೋ ಅದನ್ನು ಇಟ್ಟುಕೊಳ್ಳಿ. ಅದು ಹೀಲರ್ ಆಗಿದ್ದರೆ ದಯವಿಟ್ಟು ಹಿಂಜರಿಯಬೇಡಿ, ನಮಗೆ ಯಾವಾಗಲೂ ಜನ ಸಾಲುವುದಿಲ್ಲ.