ಡೇರಿಯ ಹಳೇ ಕಂಪ್ಯೂಟರ್ ಕಷ್ಟಕಾಲಕ್ಕೆ ಆಗುತ್ತದೆಯೇ?



ಬೆಳಿಗ್ಗೆ ಆರೂವರೆ ಹೊತ್ತು. ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು ಬೆಳೆದಿದೆ. ರಾತ್ರಿ ಕರೆಂಟು ಹೋಗಿ ಬಂದದ್ದರಿಂದ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಕಾರ್ಯದರ್ಶಿ ಬೀರುವಿನ ಮೇಲಿಂದ ಹಳೇ ಕಂಪ್ಯೂಟರ್ ಇಳಿಸಿ, ಧೂಳು ಒರೆಸಿ, ವೈರು ಸಿಕ್ಕಿಸುತ್ತಾರೆ. ಅದು ಆನ್ ಆಗುತ್ತದೆ. ಎಲ್ಲರಿಗೂ ನೆಮ್ಮದಿ, ಹಾಲು ಅಳೆಯಲು ಶುರು. ಬೇಗೂರು, ತೆರಕಣಾಂಬಿ, ಹಂಗಳದ ಕಡೆಯಾಗಲಿ, ಚಾಮರಾಜನಗರದ ಸುತ್ತಮುತ್ತಲಾಗಲಿ, ಇದು ಯಾವ ಡೇರಿಯಲ್ಲಾದರೂ ಆಗಬಹುದಾದದ್ದೇ. ಹಾಲು ನಮಗಾಗಿ ಕಾಯುವುದಿಲ್ಲ. ಕೆಡುವ ಮೊದಲು ತಣ್ಣಗಾಗಬೇಕು, ಕುದೇರಿಗೆ ಹೋಗಬೇಕು. ಆದ್ದರಿಂದ ಇನ್ನೊಂದು ಕಂಪ್ಯೂಟರ್ ಇಟ್ಟುಕೊಳ್ಳುವುದು ಒಳ್ಳೆಯದೇ. ಕೆಲಸ ಕೆಡುವುದು ಹೊಸದಕ್ಕೆ ಮಾತ್ರ ಹೊಸ ಸಾಫ್ಟ್‌ವೇರ್ ಹಾಕಿಸಿ, ಹಳೆಯದನ್ನು ಇದ್ದ ಹಾಗೇ ಬಿಟ್ಟಾಗ.

ಮಿಕ್ಸಿ ಕೆಟ್ಟರೆ ಒರಳಲ್ಲಿ ರುಬ್ಬುತ್ತೇವೆ, ಚಟ್ನಿ ಚಟ್ನಿಯೇ ಆಗುತ್ತದೆ. ಕಂಪ್ಯೂಟರ್ ಹಾಗಲ್ಲ. ಅದನ್ನು ಹಳೇ ರೇಷನ್ ಕಾರ್ಡಿಗೆ ಹೋಲಿಸಬಹುದು. ಮದುವೆಯಾಗಿ ಹೋದ ಮಗಳ ಹೆಸರು ಅದರಲ್ಲಿ ಇನ್ನೂ ಇರುತ್ತದೆ, ಮನೆಗೆ ಬಂದ ಸೊಸೆಯ ಹೆಸರು ಇರುವುದಿಲ್ಲ. ಹಳೇ ಕಂಪ್ಯೂಟರಿನಲ್ಲಿ ಎರಡು ವರ್ಷದ ಹಿಂದಿನ ಸದಸ್ಯರ ಪಟ್ಟಿ ಇದೆ. ಆಮೇಲೆ ಸೇರಿದವರ ಕೋಡ್ ಒತ್ತಿದರೆ ಬೇರೆಯವರ ಹೆಸರು ಬರಬಹುದು, ಅಥವಾ ಏನೂ ಬಾರದಿರಬಹುದು. ದರಪಟ್ಟಿ ಹಳೆಯದು. ಬದಲಾಯಿಸಿದ ಬ್ಯಾಂಕ್ ಖಾತೆ ಅದಕ್ಕೆ ಗೊತ್ತೇ ಇಲ್ಲ.

ಇದೆಲ್ಲ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಒಂದಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಲ್ಯಾಕ್ಟೋಮೀಟರ್ ಡಿಗ್ರಿ ಮತ್ತು ಫ್ಯಾಟ್ ಟೈಪ್ ಮಾಡಿದರೆ ಎಸ್‌ಎನ್‌ಎಫ್ ಲೆಕ್ಕ ಹಾಕುವುದು ಸಾಫ್ಟ್‌ವೇರ್. ಆ ಲೆಕ್ಕದ ಸೂತ್ರ ಒಂದೇ ಅಲ್ಲ, ಹಲವು ಬಳಕೆಯಲ್ಲಿವೆ. ಒಂದರಲ್ಲಿ ಡಿಗ್ರಿಯನ್ನು 4ರಿಂದ ಭಾಗಿಸಿ, ಫ್ಯಾಟಿನ 0.2 ಪಟ್ಟು ಸೇರಿಸಿ, 0.36 ಕೂಡುತ್ತಾರೆ. ಇನ್ನೊಂದರಲ್ಲಿ ಫ್ಯಾಟಿನ 0.25 ಪಟ್ಟು ಸೇರಿಸಿ 0.44 ಕೂಡುತ್ತಾರೆ. ನಿಮ್ಮ ಹಾಲಿಗೆ ಡಿಗ್ರಿ 29, ಫ್ಯಾಟ್ 4.0 ಬಂತೆನ್ನಿ. ಮೊದಲ ಸೂತ್ರದಲ್ಲಿ 7.25, 0.80, 0.36 ಕೂಡಿ 8.41. ಎರಡನೆಯದರಲ್ಲಿ 7.25, 1.00, 0.44 ಕೂಡಿ 8.69. ಅದೇ ಹಸು, ಅದೇ ಹಾಲು, ಅದೇ ಕ್ಯಾನು! ದರಪಟ್ಟಿಯ ಗೆರೆ 8.5ಕ್ಕೆ ಇದ್ದರೆ ಒಂದು ಕಂಪ್ಯೂಟರಿನಲ್ಲಿ ನೀವು ಗೆರೆಯ ಮೇಲೆ, ಇನ್ನೊಂದರಲ್ಲಿ ಕೆಳಗೆ. “ಯಾಕವ್ವ, ಇವತ್ತು ನಂದು ಇಷ್ಟು ಕಮ್ಮಿ?” ಎಂದು ಕೇಳಿದರೆ, “ಮೇವು ಬದಲಾಯಿಸಿದ್ರಾ ಅಕ್ಕ?” ಎಂಬ ಉತ್ತರ ಬರುತ್ತದೆ. ನೀರು ಬೆರೆಸಿದ್ದಾರೆಂಬ ಮಾತೂ ಹುಟ್ಟಬಹುದು. ಪರೀಕ್ಷಕಿಯ ತಪ್ಪೂ ಅಲ್ಲ, ನಿಮ್ಮದೂ ಅಲ್ಲ. ಎರಡು ಕಂಪ್ಯೂಟರಿನಲ್ಲೂ ಒಂದೇ ಸೂತ್ರ ಇದೆಯೇ ಎಂದು ಯಾರೂ ನೋಡಿರಲಿಲ್ಲ, ಅಷ್ಟೇ.

ಇನ್ನೊಂದು ತೊಂದರೆ ತಾರೀಖಿನದು. ಕಂಪ್ಯೂಟರ್ ಒಳಗೆ ಬಿಲ್ಲೆಯಂಥ ಸಣ್ಣ ಬ್ಯಾಟರಿ ಇರುತ್ತದೆ. ಬಹಳ ದಿನ ಆಫ್ ಇದ್ದ ಯಂತ್ರದಲ್ಲಿ ಅದು ಸತ್ತು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಹಾಕಿದ ಹಾಲು ಆ ಹಳೇ ತಾರೀಖಿಗೆ ಬರೆದುಕೊಂಡು ಈ ಬಟವಾಡೆಯಲ್ಲಿ ಸೇರುವುದೇ ಇಲ್ಲ. ದಿನಕ್ಕೆ 10 ಲೀಟರ್ ಹಾಕುವವರಿಗೆ ಮೂರು ದಿನ ಹೀಗಾದರೆ 30 ಲೀಟರಿನ ಹಣ ನಿಂತಿತು. ಸರ್ಕಾರದ ಪ್ರೋತ್ಸಾಹಧನವೂ ಸಂಘದಿಂದ ಹೋಗುವ ಲೆಕ್ಕದ ಮೇಲೆಯೇ ಬರುವುದರಿಂದ, ಆ 30 ಲೀಟರಿನ ಪ್ರೋತ್ಸಾಹಧನವೂ ಹಿಂದೆ ಬಿತ್ತು.

“ಹೊಸದರ ಲೆಕ್ಕವನ್ನೇ ಪೆನ್‌ಡ್ರೈವಿನಲ್ಲಿ ತಂದು ಹಳೆಯದಕ್ಕೆ ಹಾಕಿದರಾಯಿತು” ಎನ್ನುವವರಿದ್ದಾರೆ. ಹಲವು ಸಲ ಆಗುವುದಿಲ್ಲ. ಹಳೇ ವರ್ಷನ್ನಿನ ಲೆಕ್ಕವನ್ನು ಹೊಸದು ಸಾಮಾನ್ಯವಾಗಿ ಓದುತ್ತದೆ; ಹೊಸದರ ಲೆಕ್ಕವನ್ನು ಹಳೆಯದು ಓದಲಾರದು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಂಥ ದೊಡ್ಡ ಸಾಫ್ಟ್‌ವೇರ್‌ನಲ್ಲೂ ನಿಯಮ ಇದೇ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಗಿಟ್‌ಲ್ಯಾಬ್ ಎಂಬ ಕಂಪನಿ ಲೋಕದ ಸಾಫ್ಟ್‌ವೇರ್ ಬರೆಯುವವರ ಕೆಲಸವನ್ನು ಕಾಪಾಡಿಡುತ್ತದೆ. 2017ರ ಜನವರಿ 31ರಂದು ಅಲ್ಲಿಯ ಒಬ್ಬ ನೌಕರ ಕೈತಪ್ಪಿ ಮುಖ್ಯ ಲೆಕ್ಕವನ್ನೇ ಅಳಿಸಿಬಿಟ್ಟ. ಬ್ಯಾಕಪ್ ತೆಗೆಯಲು ಹೋದರೆ ಅದು ಖಾಲಿ. ಅವರ ಲೆಕ್ಕ ಇದ್ದದ್ದು 9.6ನೇ ವರ್ಷನ್ನಿನಲ್ಲಿ, ಬ್ಯಾಕಪ್ ಮಾಡುವ ಸಾಧನ ಮಾತ್ರ 9.2. ಅದು ಪ್ರತಿಸಲವೂ ಸೋಲುತ್ತಿತ್ತು. ಸೋತೆನೆಂದು ಕಳಿಸಿದ ಇ–ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ತಾಸು ಮೊದಲು ತೆಗೆದಿಟ್ಟಿದ್ದ ಒಂದು ನಕಲು ಸಿಕ್ಕಿತು, ಹಾಗಾಗಿ ಉಳಿದರು. ಆ ಆರು ತಾಸಿನ ಕೆಲಸ ಮಾತ್ರ ಹೋಯಿತು.

ನಮ್ಮ ಡೇರಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಸಾಫ್ಟ್‌ವೇರ್ ಬದಲಾಯಿಸಲು ಬಂದವರಿಗೆ “ಮೊದಲು ಸ್ಪೇರ್ ಕಂಪ್ಯೂಟರಿಗೆ ಹಾಕಿ, ಆಮೇಲೆ ಇದಕ್ಕೆ” ಎಂದು ಹೇಳಬೇಕು. ಹೊಸದು ಸರಿಯಿಲ್ಲದಿದ್ದರೆ ಸ್ಪೇರಿನಲ್ಲೇ ಗೊತ್ತಾಗುತ್ತದೆ, ಹಾಲಿನ ಸಾಲು ನಿಲ್ಲುವುದಿಲ್ಲ. ತಿಂಗಳಿಗೆ ಒಂದು ಹೊತ್ತಿನ ಹಾಲನ್ನು ಸ್ಪೇರಿನಲ್ಲೇ ಅಳೆದು ನೋಡುವುದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಬಳಸದ ಸ್ಪೇರ್ ಇದ್ದೂ ಇಲ್ಲದ ಹಾಗೆ. ಹಳೇ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಿಡಿಸುವುದೇ ಇಲ್ಲವೆಂದರೆ ಅದನ್ನು ಕೈಬಿಡುವುದೇ ಲೇಸು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಕಂಪನಿ ರಕ್ಷಣೆ ನಿಲ್ಲಿಸಿತು, ಅಂಥದ್ದಕ್ಕೆ ಊರವರ ಪೆನ್‌ಡ್ರೈವ್ ಹಾಕಿದರೆ ವೈರಸ್ಸೂ ಜೊತೆಗೆ ಬರಬಹುದು. ಅದರ ಬದಲು ಈಗಿನ ದರಪಟ್ಟಿಯ ಮುದ್ರಿತ ಪ್ರತಿ, ಸದಸ್ಯರ ಕೋಡ್ ಪಟ್ಟಿ, ಒಂದು ರಿಜಿಸ್ಟರ್ ಪುಸ್ತಕ ಮೇಜಿನ ಡ್ರಾಯರಿನಲ್ಲಿರಲಿ. ಕೈಯಲ್ಲಿ ಬರೆದು ಸಂಜೆ ಕಂಪ್ಯೂಟರಿಗೆ ಏರಿಸಿದರೆ ನಷ್ಟವೇನಿಲ್ಲ, ಕಂಪ್ಯೂಟರ್ ಬರುವ ಮೊದಲು ಡೇರಿಗಳು ನಡೆದದ್ದೇ ಹಾಗೆ.

ಆಡಳಿತ ಮಂಡಳಿಯಲ್ಲಿರುವ ಅಕ್ಕಂದಿರು ಮುಂದಿನ ಸಭೆಯಲ್ಲಿ ಎರಡೂ ಕಂಪ್ಯೂಟರನ್ನು ಪಕ್ಕಪಕ್ಕ ಇಟ್ಟು, ಒಂದೇ ಡಿಗ್ರಿ, ಒಂದೇ ಫ್ಯಾಟ್ ಹಾಕಿಸಿ ಎಸ್‌ಎನ್‌ಎಫ್ ಮತ್ತು ದರ ಒಂದೇ ಬರುತ್ತದೆಯೇ ನೋಡಿ. ಐದು ನಿಮಿಷದ ಕೆಲಸ. ಉಳಿದವರು ಬೇರೆ ಕಂಪ್ಯೂಟರಿನಲ್ಲಿ ಅಳೆದ ದಿನ ಚೀಟಿಯಲ್ಲಿ ತಾರೀಖು, ಕೋಡ್, ಎಸ್‌ಎನ್‌ಎಫ್, ದರ ನಾಲ್ಕನ್ನೂ ಅಲ್ಲೇ ನಿಂತು ಓದಿಕೊಳ್ಳಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಆ ದಿನಗಳ ಚೀಟಿಯನ್ನು ಬಟವಾಡೆ ಕೈಗೆ ಬರುವ ತನಕ ಪಾಸ್ ಪುಸ್ತಕದೊಳಗೆ ಇಟ್ಟಿರಿ.