ಕಲಿಸುವವರು ಮೊದಲು ಸಂಘವನ್ನು ನೋಡಲಿ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯ ಸಣ್ಣ ಉದ್ಯಮಿಗಳಿಗೆ ಗುಂಪು ಕಲಿಕೆಯನ್ನು, ಅಂದರೆ ಒಂದೇ ಕಸುಬಿನವರು ಒಟ್ಟಿಗೆ ಕುಳಿತು ಪರಸ್ಪರರ ಅನುಭವದಿಂದ ಕಲಿಯುವ ಕ್ರಮವನ್ನು, ಏರ್ಪಡಿಸುವವರು ಮೊದಲು ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳನ್ನು ಅರಿಯಬೇಕು. 1983ರಲ್ಲಿ ಆರಂಭವಾದ ಈ ಸಂಸ್ಥೆಯ ಸಂಘಗಳಲ್ಲಿ ದಲಿತ ಮಹಿಳೆಯರು, ಅಕ್ಷರ ಬಾರದವರೂ ಸೇರಿ, ಸಿರಿಧಾನ್ಯದ ಬೀಜ ಕಾಪಿಡುವುದನ್ನೂ ಮಾರುಕಟ್ಟೆ ನಡೆಸುವುದನ್ನೂ ಮಾತುಕತೆಯಲ್ಲೇ ರೂಢಿಸಿಕೊಂಡರು. 2008ರಲ್ಲಿ ಮಾಚನೂರಿನಿಂದ ಅವರದೇ ಸಮುದಾಯ ಬಾನುಲಿಯೂ ಪ್ರಸಾರ ಆರಂಭಿಸಿತು. ಆದುದರಿಂದ ಓದುಬರಹವನ್ನು ಪ್ರವೇಶದ ಷರತ್ತಾಗಿಸುವುದು ತಪ್ಪು. ಬೀದರ್ ಗಡಿಗೆ ಹೊಂದಿಕೊಂಡ ನಾರಾಯಣಖೇಡ್‌ನಲ್ಲಿ ತೆಲುಗಿನೊಂದಿಗೆ ಕನ್ನಡಕ್ಕೂ ಸ್ಥಾನವಿರಬೇಕು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು, ಎಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ದೊರೆತಿರುವುದರಿಂದ, ಬೇಳೆ ಮಾಡುವವರು ಆ ಹೆಸರಿಗೆ ತಕ್ಕ ಬೆಲೆ ಪಡೆಯುವ ಬಗೆಯನ್ನು ಕೂಡಿ ಚರ್ಚಿಸಲಿ. ಸಭೆಯ ವೇಳೆಯನ್ನು ಮಾತ್ರ ಕೂಲಿ ಮುಗಿಸಿ ಬರುವ ಹೆಂಗಸರನ್ನು ಕೇಳಿಯೇ ಗೊತ್ತುಪಡಿಸಬೇಕು.